ನಮ್ಮ ಊಟದ ಎಲೆಯಲ್ಲಿ ಬೋಟಿಗೆ ಸ್ಥಳವಿಲ್ಲವೆ?

ಒಂದು ನಾಡಿನ ಸಂಸ್ಕೃತಿಯನ್ನು ಅರಿಯಬೇಕಾದರೆ ಅಲ್ಲಿನ ಅಡುಗೆಮನೆಯನ್ನು ಹೊಕ್ಕು ನೋಡಬೇಕೆಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಅನಿವಾಸಿ ಕನ್ನಡಿಗರ ಸಮ್ಮೇಳನಗಳಲ್ಲಿ ಈ ಅಡುಗೆಮನೆಗೆ ತಕ್ಕ ಗೌರವವೂ ಸಲ್ಲುತ್ತಿದೆ. ಬಿಸಿಬೇಳೆ ಭಾತ್, ಚಿರೋಟಿ, ಹೋಳಿಗೆ, ಜೋಳದ ರೊಟ್ಟಿ, ಎಣ್ಣೆಗಾಯಿ ಇವನ್ನು ಕಂಡಾಗ ತವರಿಗೆ ಹೋಗಿ ಬಂದಷ್ಟೇ ಸಂತೋಷವಾಗುತ್ತದೆ. ಈಚೆಗೆ ಕೋಳಿಸಾರು ಕೂಡ ಸಂಕೋಚವಿಲ್ಲದೆ ಪಂಕ್ತಿಗೆ ಬರುತ್ತಿದೆ. ಆದರೆ ಈಲಿ, ಗುಂಡಿಗೆ, ಬೋಟಿ, ತಲೆ-ಕಾಲು ಇವುಗಳ ಹೆಸರನ್ನು ನಾನು ನೋಡಿದ ಯಾವ ಊಟದ ಪಟ್ಟಿಯಲ್ಲಿಯೂ ಕಂಡಿಲ್ಲ, ಸ್ಮರಣ ಸಂಚಿಕೆಗಳ ಪಾಕಪುಟಗಳಲ್ಲಿಯೂ ಕಂಡಿಲ್ಲ. ಕನ್ನಡ ನಾಡಿನ ಅಸಂಖ್ಯಾತ ಮನೆಗಳ ಹಬ್ಬದ ಅಡುಗೆಯನ್ನು ನಾವೇ ಹೀಗೆ ಮರೆಯಲ್ಲಿಡುವುದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಮಂಡ್ಯ ಸೀಮೆಯ ಒಕ್ಕಲು ಮನೆತನದಲ್ಲಿ ಹುಟ್ಟಿದ ನಾನು ಬೋಟಿಯನ್ನು ಮೊದಲ ಬಾರಿಗೆ ಬೇಯಿಸಿದ್ದೂ ತಿಂದದ್ದೂ ಐವತ್ತು ದಾಟಿದ ಮೇಲೆ, ಲಂಡನ್ನಿನ ಅಂಚಿನ ಈ ಸ್ಟ್ಯಾನ್ಮೋರ್‌ನಲ್ಲಿ ಎಂದರೆ ಕೆಲವರಿಗೆ ನಗು ಬರಬಹುದು. ಕಾರಣ ಸರಳವಾದುದು. ತಂದೆಯವರದು ಸರ್ಕಾರಿ ನೌಕರಿ. ನಾವು ಬೆಳೆದದ್ದು ಮೈಸೂರಿನ ಬಾಡಿಗೆ ಮನೆಗಳಲ್ಲಿ. ಮಾಂಸ ಬೇಯಿಸಕೂಡದೆಂಬ ಷರತ್ತು ಕೆಲವೆಡೆ ಬಾಯಿಮಾತಿನಲ್ಲಿತ್ತು, ಕೆಲವೆಡೆ ಮನೆಯೊಡೆಯರ ಮುಖದಲ್ಲಿತ್ತು. ಅವ್ವ ಭಾನುವಾರ ಕಿಟಕಿ ಮುಚ್ಚಿಕೊಂಡು ಅರ್ಧ ಕಿಲೋ ಮಾಂಸ ಬೇಯಿಸುತ್ತಿದ್ದಳು. ಬೋಟಿಯ ವಾಸನೆಯನ್ನು ಯಾವ ಕಿಟಕಿಯೂ ತಡೆಯಲಾರದು. ಹೀಗಾಗಿ ಊರಿನಲ್ಲಿ ತನ್ನ ಅತ್ತೆಯಿಂದ ಕಲಿತ ಆ ವಿದ್ಯೆಯನ್ನು ಆಕೆ ಮೂವತ್ತು ವರ್ಷ ಮನಸ್ಸಿನಲ್ಲಿಯೇ ಮುಚ್ಚಿಟ್ಟಳು. ರಜೆಗೆ ಊರಿಗೆ ಹೋದಾಗಲೂ ‘ಪಟ್ಟಣದ ಮಕ್ಕಳು’ ಎಂದು ನಮ್ಮ ತಟ್ಟೆಗೆ ಬರಿಯ ತುಂಡುಗಳನ್ನೇ ಬಡಿಸುತ್ತಿದ್ದರು.

ಕಳೆದ ವರ್ಷ ಎಂಬತ್ತು ದಾಟಿದ ಅವ್ವ ದೂರವಾಣಿಯಲ್ಲಿ ಮಾತನಾಡುತ್ತ, ತನ್ನೊಡನೆಯೇ ಇದು ಮುಗಿದುಹೋಗುತ್ತದಲ್ಲ ಎಂದು ನೊಂದುಕೊಂಡಳು. ಅದೇ ವಾರ ವೀಲ್ಡ್‌ಸ್ಟೋನ್ ಕಡೆಯ ಹಲಾಲ್ ಅಂಗಡಿಯಿಂದ ಕುರಿಯ ಬೋಟಿ ತಂದೆ. “ತಣ್ಣೀರ್ಗೆ ಹೋಗಕಿಲ್ಲ ಕಣ್ಮಗ, ಬಿಸ್ನೀರಲ್ಲಿ ಅದ್ದಿ ಕೆರಿ” ಎಂದು ಅವ್ವ ಅಲ್ಲಿಂದಲೇ ಹೇಳಿದಳು. ಹೊಟ್ಟೆಯ ಚೀಲವನ್ನು ಬಿಸಿನೀರಿನಲ್ಲಿ ಅದ್ದಿ, ಚಾಕುವಿನ ಮೊಂಡು ಬದಿಯಿಂದ ಕಪ್ಪು ಪೊರೆ ಹೋಗುವವರೆಗೆ ಕೆರೆದೆ. ಕರುಳನ್ನು ಸೀಳಿ, ಉಪ್ಪು ಅರಿಶಿನ ಹಾಕಿ ಉಜ್ಜಿ, ತೊಳೆದ ನೀರು ತಿಳಿಯಾಗುವವರೆಗೆ ತೊಳೆದೆ. ಒಂದು ಕುದಿ ಬರಿಸಿ ಆ ನೀರನ್ನು ಚೆಲ್ಲಿದ ಮೇಲೆಯೇ ಕುಕ್ಕರಿಗೆ ಹಾಕಬೇಕು. ದನಿಯ, ಮೆಣಸು, ಚಕ್ಕೆ, ಲವಂಗ, ಶುಂಠಿ, ಬೆಳ್ಳುಳ್ಳಿ, ತೆಂಗಿನಕಾಯಿ ರುಬ್ಬಿದ ಮಸಾಲೆ. ಅವರೆಕಾಳು ಎಲ್ಲಿಂದ ಬಂತೆಂದು ಕೇಳುವಿರಾ? ಗುಜರಾತಿ ಅಂಗಡಿಯಲ್ಲಿ ‘ಪಾಪ್ಡಿ ಲಿಲ್ವಾ’ ಎಂದು ಮಾರುವ ಫ್ರೋಜನ್ ಕಾಳು ನಮ್ಮ ಅವರೆಕಾಳೇ. ಹಿತ್ತಿಲ ಬಾಗಿಲನ್ನು ತೆರೆದೇ ಇಟ್ಟಿದ್ದೆ. ಮುಚ್ಚೆನ್ನುವವರು ಯಾರೂ ಇರಲಿಲ್ಲ.

ಮೊದಲ ತುತ್ತಿಗೆ ಅಳುಕು ಇದ್ದುದು ನಿಜ. ಆದರೆ ಚೆನ್ನಾಗಿ ಬೆಂದ ಬೋಟಿ ಮಸಾಲೆಯನ್ನು ತುಂಡಿಗಿಂತ ಹೆಚ್ಚಾಗಿ ಹೀರಿಕೊಂಡಿರುತ್ತದೆ. ರಾಗಿಮುದ್ದೆಗೆ ಅದು ಹೇಳಿಮಾಡಿಸಿದ ಜೊತೆ. ಮಗ ಎರಡನೆಯ ಸಲ ಬಡಿಸಿಕೊಂಡ. ಇಲ್ಲಿಯೇ ಹುಟ್ಟಿ, ತನ್ನಿಚ್ಛೆಯಿಂದ ಸಸ್ಯಾಹಾರಿಯಾಗಿರುವ ಮಗಳು ಅದನ್ನು ಮುಟ್ಟಲಿಲ್ಲ. ಆದರೆ ಅಜ್ಜಿ ಹೇಳಿದ ಕ್ರಮವನ್ನು ಅಕ್ಷರ ಬಿಡದೆ ಬರೆದುಕೊಂಡವಳು ಅವಳೇ.

ಈ ಬರೆದುಕೊಳ್ಳುವ ಕೆಲಸವೇ ನಮ್ಮಲ್ಲಿ ಆಗಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ, ಈಲಿಯನ್ನು ಕೆಂಡದಲ್ಲಿ ಸುಟ್ಟು ಮಸಾಲೆ ಬೆರೆಸುವ ಕ್ರಮ ಬರುತ್ತದೆ. ಅದು ಸಂಸ್ಕೃತದಲ್ಲಿದೆ. ಕನ್ನಡದಲ್ಲಿ ಅಡುಗೆಯನ್ನು ಕುರಿತು ಬಂದ ಮಂಗರಸನ ‘ಸೂಪಶಾಸ್ತ್ರ’ ಅಮೂಲ್ಯವಾದ ಗ್ರಂಥ. ಆದರೆ ಅದು ಸಸ್ಯಾಹಾರಕ್ಕೆ ಮೀಸಲು. ಅರಮನೆಯ ಮಾಂಸದಡುಗೆ ದೇವಭಾಷೆಯಲ್ಲಿ ಉಳಿಯಿತು. ಒಕ್ಕಲು ಮನೆಯ ಮಾಂಸದಡುಗೆ ಹೆಂಗಸರ ನಾಲಗೆಯ ಮೇಲಷ್ಟೇ ಉಳಿಯಿತು. ಆ ಹೆಂಗಸರು ಈಗ ಎಂಬತ್ತು ದಾಟಿದವರು.

ಇದು ಬಡವರ ಊಟ, ಎಸೆಯುವುದನ್ನು ತಿನ್ನುವವರ ಊಟ ಎಂಬ ತಾತ್ಸಾರ ನಮ್ಮವರಲ್ಲಿಯೇ ಉಂಟು. ಅವರಿಗೆ ಗುಡ್ಡೆಬಾಡಿನ ನೆನಪು ಮಾಡಿಕೊಡಬೇಕು. ಹಳೆಯ ಮೈಸೂರು ಸೀಮೆಯಲ್ಲಿ ಯುಗಾದಿಯ ಮರುದಿನ ಹೊಸತೊಡಕು. ಊರಿನವರು ಹಣ ಕೂಡಿಸಿ ಕುರಿ ಕೊಯ್ದು, ಮಾಂಸವನ್ನು ಸಮನಾದ ಗುಡ್ಡೆಗಳಾಗಿ ಹಂಚುತ್ತಾರೆ. ಪ್ರತಿ ಗುಡ್ಡೆಯಲ್ಲಿಯೂ ತುಂಡು, ಮೂಳೆ, ಈಲಿ, ಬೋಟಿ ಎಲ್ಲದರ ಪಾಲೂ ಇರಬೇಕು. ಒಬ್ಬನಿಗೆ ತೊಡೆ, ಇನ್ನೊಬ್ಬನಿಗೆ ಕರುಳು ಎಂಬ ಭೇದ ಅಲ್ಲಿಲ್ಲ. ಒಂದು ಜೀವವನ್ನು ತೆಗೆದ ಮೇಲೆ ಅದರಲ್ಲಿ ಯಾವುದನ್ನೂ ಹೀನವೆಂದು ಬಿಸುಡದ ವಿವೇಕವೂ ಅದರಲ್ಲಿದೆ. ಸೂಪರ್‌ಮಾರ್ಕೆಟ್ಟಿನ ಪ್ಲಾಸ್ಟಿಕ್ ತಟ್ಟೆಯಲ್ಲಿ ಮೂಳೆಯಿಲ್ಲದ ಎದೆಮಾಂಸವನ್ನಷ್ಟೇ ಕಂಡು ಬೆಳೆಯುವ ನಮ್ಮ ಮಕ್ಕಳಿಗೆ ಈ ವಿವೇಕವನ್ನು ಹೇಳಿಕೊಡುವವರು ಯಾರು?

ನಾವು ನೆಲೆಸಿರುವ ದೇಶದಿಂದಲೂ ಒಂದು ಪಾಠ ಕಲಿಯಬಹುದು. ಸ್ಕಾಟ್ಲೆಂಡಿನವರ ಹ್ಯಾಗಿಸ್ ಎಂಬುದು ಕುರಿಯ ಗುಂಡಿಗೆ, ಈಲಿ, ಶ್ವಾಸಕೋಶಗಳನ್ನು ಓಟ್ಸ್ ಹಿಟ್ಟಿನೊಡನೆ ಸೇರಿಸಿ ಕುರಿಯ ಹೊಟ್ಟೆಯ ಚೀಲದಲ್ಲಿ ತುಂಬಿ ಬೇಯಿಸುವ ಅಡುಗೆ. ರಾಬರ್ಟ್ ಬರ್ನ್ಸ್ ಕವಿ 1786ರಲ್ಲಿ ಅದರ ಮೇಲೆ ಕವಿತೆಯನ್ನೇ ಬರೆದ. ಅವನ ಹುಟ್ಟುಹಬ್ಬವಾದ ಜನವರಿ 25ರಂದು, ಲೋಕದಾದ್ಯಂತ ಚದುರಿರುವ ಸ್ಕಾಟಿಷ್ ಜನರು ವಾದ್ಯ ಬಾರಿಸಿ, ಕವಿತೆ ಓದಿ, ಹ್ಯಾಗಿಸನ್ನು ಮೆರವಣಿಗೆಯಲ್ಲಿ ಪಂಕ್ತಿಗೆ ತರುತ್ತಾರೆ. ಪರದೇಶದಲ್ಲಿರುವ ಒಂದು ಜನ ತಮ್ಮ ಬಡತನದ ಅಡುಗೆಯನ್ನೇ ನಾಡಿನ ಲಾಂಛನ ಮಾಡಿಕೊಂಡಿರುವಾಗ ನಾವು ಬೋಟಿಯ ಹೆಸರು ಹೇಳಲು ಹಿಂದೆಮುಂದೆ ನೋಡುವುದೇಕೆ?

ಆರೋಗ್ಯದ ವಿಚಾರವಾಗಿಯೂ ಎರಡು ಮಾತು. ಈಲಿಯಲ್ಲಿ ಕಬ್ಬಿಣಾಂಶವೂ ಬಿ12 ಜೀವಸತ್ವವೂ ಹೇರಳ. ಮಾರಕವಾಗಿದ್ದ ಒಂದು ಬಗೆಯ ರಕ್ತಹೀನತೆಗೆ ಈಲಿಯ ಆಹಾರವೇ ಮದ್ದೆಂದು ಮೈನಾಟ್ ಮತ್ತು ಮರ್ಫಿ 1926ರಲ್ಲಿ ತೋರಿಸಿದರು. 1934ರಲ್ಲಿ ಅವರು ವಿಪ್ಪಲ್ ಅವರೊಡನೆ ನೊಬೆಲ್ ಪ್ರಶಸ್ತಿ ಪಡೆದರು. ಆಂಗ್ಲ ವೈದ್ಯೆ ಲೂಸಿ ವಿಲ್ಸ್ 1928ರಲ್ಲಿ ಮುಂಬಯಿಗೆ ಹೋಗಿ, ಬಸುರಿಯರ ರಕ್ತಹೀನತೆಯನ್ನು ಕುರಿತು ಸಂಶೋಧನೆ ನಡೆಸಿ, ಮಾರ್ಮೈಟ್‌ನಿಂದ ಅದು ಗುಣವಾಗುವುದನ್ನು ಕಂಡರು. ಅದರಲ್ಲಿಯೂ ಈಲಿಯಲ್ಲಿಯೂ ಇರುವ ಆ ಸತ್ವವೇ ಇಂದಿನ ಫೋಲೇಟ್. ಆದರೂ ವಿವೇಚನೆ ಬೇಕು. ಈಲಿಯಲ್ಲಿ ಎ ಜೀವಸತ್ವ ಅತಿಯಾಗಿರುವುದರಿಂದ ಬಸುರಿಯರು ಅದನ್ನು ತಿನ್ನಬಾರದೆಂದು ಇಲ್ಲಿನ ಎನ್‌ಎಚ್‌ಎಸ್ ಹೇಳುತ್ತದೆ. ಗೌಟ್ ಇರುವವರಿಗೂ ಒಳಾಂಗಗಳ ಮಾಂಸ ಹಿತವಲ್ಲ. ಹಬ್ಬಕ್ಕೊಮ್ಮೆ ಎಂಬ ಹಿರಿಯರ ಅಳತೆಯೇ ಲೇಸು.

ನನ್ನ ಗೆಳತಿಯರಲ್ಲಿ ಅರ್ಧದಷ್ಟು ಮಂದಿ ಸಸ್ಯಾಹಾರಿಗಳು. ಅವರ ಪಂಕ್ತಿಯ ಶುಚಿಗೆ ಭಂಗ ಬರಬೇಕೆಂದು ನಾನು ಹೇಳುತ್ತಿಲ್ಲ. ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಪಂಕ್ತಿ ಇರಲಿ. ಆದರೆ ‘ಕನ್ನಡಿಗರ ಊಟ’ ಎಂಬ ಶೀರ್ಷಿಕೆಯ ಕೆಳಗೆ ಅವ್ವನ ಅಡುಗೆಗೂ ಒಂದು ಸಾಲು ಇರಲಿ. ಮಾನ್ಯ ಪ್ರತಿನಿಧಿಗಳಲ್ಲಿ ನನ್ನ ಬಿನ್ನಹವಿಷ್ಟೆ: ಮುಂದಿನ ಸಮ್ಮೇಳನಕ್ಕೆ ಎರಡು ವರ್ಷದ ಕಾಲಾವಕಾಶವಿದೆ. ಅಷ್ಟರೊಳಗೆ ನಿಮ್ಮ ಮನೆಯ ಹಿರಿಯ ಹೆಣ್ಣುಮಗಳಿಂದ ಅಂಥ ಒಂದೊಂದು ಅಡುಗೆಯನ್ನು ಕೇಳಿ, ಅಳತೆಸಹಿತ ಬರೆದು ತನ್ನಿರಿ. ಕೇಳಿದಾಗ ಹೇಳುವವರು ಇನ್ನೂ ಇದ್ದಾರೆ.