ಮೌನ ಸಂಧಾನ: ಕದ ಮುಚ್ಚಿರಲಿ, ಕಡತ ತೆರೆದಿರಲಿ

ರಾಜತಾಂತ್ರಿಕ ಮಾತುಕತೆಗಳೆಲ್ಲವೂ ಬಹಿರಂಗವಾಗಿಯೇ ನಡೆಯಬೇಕೆಂಬ ವಾದ ಕೇಳಲು ಸೊಗಸು, ಆಚರಣೆಗೆ ದುಸ್ಸಾಧ್ಯ. ಆದರೆ ಗೋಪ್ಯತೆಗೂ ಒಂದು ಎಲ್ಲೆ ಬೇಕು. ಹಾಂಗ್‌ಕಾಂಗ್ ಕುರಿತು ಬ್ರಿಟನ್ ಮತ್ತು ಚೀನಾದ ಅಧಿಕಾರಿಗಳು ನಡೆಸಿದ ಮೌನ ಸಂಧಾನಗಳು ಈ ಎರಡೂ ಸತ್ಯಗಳಿಗೆ ನಿದರ್ಶನವಾಗಿವೆ.

ಬ್ರಿಟನ್ 1898ರಲ್ಲಿ 99 ವರ್ಷಗಳ ಗುತ್ತಿಗೆಗೆ ಪಡೆದಿದ್ದ ‘ನ್ಯೂ ಟೆರಿಟರೀಸ್’ ಪ್ರದೇಶದ ಅವಧಿ 1997ಕ್ಕೆ ಮುಗಿಯುವುದಿತ್ತು. 1982ರ ಸೆಪ್ಟೆಂಬರಿನಲ್ಲಿ ಮಾರ್ಗರೇಟ್ ಥ್ಯಾಚರ್ ಮತ್ತು ಡೆಂಗ್ ಶಿಯಾವೊಪಿಂಗ್ ಬೀಜಿಂಗ್‌ನಲ್ಲಿ ಭೇಟಿಯಾದಾಗ ಉಭಯರ ನಿಲುವುಗಳು ಪರಸ್ಪರ ವಿರುದ್ಧವಾಗಿದ್ದವು. ಆ ಕಗ್ಗಂಟನ್ನು ಬಿಡಿಸಿದ್ದು ವೇದಿಕೆಯ ಭಾಷಣಗಳಲ್ಲ. ರಾಯಭಾರಿ ಪರ್ಸಿ ಕ್ರಾಡಾಕ್ ಅವರಂತಹ, ಚೀನಾವನ್ನು ಬಲ್ಲ ಅಧಿಕಾರಿಗಳ ತಾಳ್ಮೆ. ಗೋಪ್ಯತೆಗೆ ಆರ್ಥಿಕ ಕಾರಣವೂ ಇತ್ತು. ಮಾತುಕತೆ ಮುರಿದೀತೆಂಬ ಭೀತಿಯೊಂದರಿಂದಲೇ 1983ರ ಸೆಪ್ಟೆಂಬರಿನಲ್ಲಿ ಹಾಂಗ್‌ಕಾಂಗ್ ಡಾಲರ್ ಕುಸಿಯಿತು. ಮರುತಿಂಗಳು ಅದನ್ನು ಅಮೆರಿಕದ ಡಾಲರಿಗೆ 7.8ರ ದರದಲ್ಲಿ ಕಟ್ಟಿಹಾಕಬೇಕಾಯಿತು. ಅಂತಹ ಸೂಕ್ಷ್ಮ ಸ್ಥಿತಿಯಲ್ಲಿ ಪ್ರತಿದಿನದ ಪಟ್ಟು-ಸಡಿಲಿಕೆಗಳನ್ನು ಬೀದಿಗೆ ತಂದಿದ್ದರೆ 1984ರ ಜಂಟಿ ಘೋಷಣೆ ಸಾಧ್ಯವಾಗುತ್ತಿತ್ತೇ ಎಂಬುದು ಅನುಮಾನ.

ಆದರೆ ಮುಂದಿನ ಅಧ್ಯಾಯ ಬೇರೆಯೇ ಪಾಠ ಹೇಳುತ್ತದೆ. ತಿಯಾನನ್ಮೆನ್ ಹತ್ಯಾಕಾಂಡ ನಡೆದ ಕೆಲವೇ ತಿಂಗಳಲ್ಲಿ, 1990ರ ಜನವರಿ-ಫೆಬ್ರುವರಿಯಲ್ಲಿ, ವಿದೇಶಾಂಗ ಸಚಿವರಾದ ಡಗ್ಲಸ್ ಹರ್ಡ್ ಮತ್ತು ಚಿಯನ್ ಚಿಚೆನ್ ನಡುವೆ 7 ಪತ್ರಗಳ ವಿನಿಮಯ ನಡೆಯಿತು. ಹಾಂಗ್‌ಕಾಂಗ್ ಶಾಸನಸಭೆಯ 60 ಸ್ಥಾನಗಳಲ್ಲಿ ಎಷ್ಟಕ್ಕೆ ನೇರ ಚುನಾವಣೆ ಎಂಬುದೇ ಅವುಗಳ ವಿಷಯ. ಯಾರ ಮತದ ಪ್ರಶ್ನೆ ಚೌಕಾಶಿಗೆ ಒಳಗಾಗಿತ್ತೋ ಆ ಜನರಿಗೆ ಈ ಪತ್ರಗಳ ಅರಿವೇ ಇರಲಿಲ್ಲ. ಗವರ್ನರ್ ಕ್ರಿಸ್ ಪ್ಯಾಟನ್ 1992ರ ಅಕ್ಟೋಬರಿನಲ್ಲಿ ಚುನಾವಣಾ ಸುಧಾರಣೆಗಳನ್ನು ಪ್ರಕಟಿಸಿದಾಗ ಚೀನಾ ಕೆರಳಿತು. ಆಗಷ್ಟೇ ಪತ್ರಗಳು ಬೆಳಕಿಗೆ ಬಂದವು. 1993ರಲ್ಲಿ ನಡೆದ 17 ಸುತ್ತಿನ ಮಾತುಕತೆ ವಿಫಲವಾಯಿತು.

ಪ್ಯಾಟನ್ ಅವರ ಬಹಿರಂಗ ಮಾರ್ಗವಾದರೂ ಏನನ್ನು ಸಾಧಿಸಿತು ಎಂದು ಕ್ರಾಡಾಕ್ ಪಂಥದವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. 1995ರಲ್ಲಿ ಚುನಾಯಿತವಾದ ಶಾಸನಸಭೆಯನ್ನು ಚೀನಾ 1997ರ ಜುಲೈ 1ರಂದು ರದ್ದುಗೊಳಿಸಿತು. ಆದರೂ ಜನರಿಗೆ ತಿಳಿಯದ ಒಡಂಬಡಿಕೆಯನ್ನು ಸಮರ್ಥಿಸಲು ಜನರಲ್ಲಿ ಯಾರೂ ಇರುವುದಿಲ್ಲ ಎಂಬುದನ್ನು ಅವರು ಮರೆಯುತ್ತಾರೆ.

ಜಂಟಿ ಘೋಷಣೆಯ ಕಥೆ ಹಾಗಲ್ಲ. ಅದು ಪ್ರಕಟಿತ ದಾಖಲೆ. 1985ರಲ್ಲಿ ವಿಶ್ವಸಂಸ್ಥೆಯಲ್ಲಿ ನೋಂದಣಿಯಾಯಿತು. 2020ರಲ್ಲಿ ಬೀಜಿಂಗ್ ರಾಷ್ಟ್ರೀಯ ಭದ್ರತಾ ಕಾನೂನನ್ನು ಹೇರಿದಾಗ ಅದು ಹಾಂಗ್‌ಕಾಂಗ್ ಜನರ ಸ್ವಾತಂತ್ರ್ಯವನ್ನು ಕಾಪಾಡಲಿಲ್ಲ, ನಿಜ. ಆದರೆ ಮಾತು ಮುರಿದವರಾರೆಂದು ಜಗತ್ತಿಗೆ ತೋರಿಸಲು ಆಧಾರವಾಯಿತು. ಆ ಉಲ್ಲಂಘನೆಯನ್ನು ಮುಂದಿಟ್ಟೇ ಬ್ರಿಟನ್ 2021ರ ಜನವರಿಯಲ್ಲಿ ಸಾಗರೋತ್ತರ ಬ್ರಿಟಿಷ್ ಪಾಸ್‌ಪೋರ್ಟಿಗೆ ಅರ್ಹರಾದ ಹಾಂಗ್‌ಕಾಂಗ್ ನಿವಾಸಿಗಳಿಗೆ ವಿಶೇಷ ವೀಸಾ ನೀಡತೊಡಗಿತು.

ಸರ್ಕಾರಿ ಕಡತಗಳ ನಡುವೆ ಆಯುಷ್ಯ ಕಳೆದವರಿಗೆ ಗೊತ್ತು: ಟಿಪ್ಪಣಿ ಗೋಪ್ಯವಾಗಿರಬಹುದು, ಆದೇಶ ಗೋಪ್ಯವಾಗಿರಲಾಗದು. ರಾಜತಂತ್ರಕ್ಕೂ ಇದೇ ನಿಯಮ ಸಲ್ಲಬೇಕು. ಸಂಧಾನಕಾರರಿಗೆ ಏಕಾಂತ ಕೊಡೋಣ. ಆದರೆ ಅವರು ಎದ್ದು ಬಂದ ಮೇಲೆ, ಒಪ್ಪಿಕೊಂಡದ್ದೇನೆಂದು ತಿಳಿಯುವ ಹಕ್ಕು ಅದರ ಫಲ ಉಣ್ಣಬೇಕಾದವರಿಗೆ ಮೊದಲು ಸೇರಬೇಕು.