ಹಾಲು ತೆಗೆದ ತಟ್ಟೆಯಲ್ಲಿ ಉಳಿಯುವುದೇನು?

ಹೊರನಾಡಿನ ಕನ್ನಡ ಕುಟುಂಬಗಳಲ್ಲಿ ವೀಗನ್ ಆಹಾರಕ್ರಮ ಈಗ ಅಪರೂಪದ ಸಂಗತಿಯಲ್ಲ. ವಿಶ್ವವಿದ್ಯಾಲಯಕ್ಕೆ ಹೋದ ಮಗಳು ಹಾಲು, ಮೊಸರು, ತುಪ್ಪಗಳನ್ನು ಬಿಡುತ್ತಾಳೆ. ಕೆಲವು ತಿಂಗಳಲ್ಲಿ ಮನೆಯ ಅಡುಗೆಯೇ ಬದಲಾಗುತ್ತದೆ. ಇದರ ಹಿಂದಿನ ಕಾರಣಗಳು ಗಂಭೀರವಾದವು: ಹವಾಮಾನ ಬದಲಾವಣೆ, ಕೈಗಾರಿಕಾ ಹೈನುಗಾರಿಕೆಯಲ್ಲಿ ಪಶುಗಳು ಅನುಭವಿಸುವ ಯಾತನೆ, ಪ್ರಾಣಿಯ ದೇಹದ ಮೇಲೆ ಮನುಷ್ಯನಿಗೆ ಇರುವ ಹಕ್ಕಿನ ಪ್ರಶ್ನೆ. 1944ರಲ್ಲಿ ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು ವೀಗನ್ ಸೊಸೈಟಿಯನ್ನು ಕಟ್ಟಿದ್ದು ಹಾಲು ಮೊಟ್ಟೆಗಳನ್ನು ಉಳಿಸಿಕೊಂಡಿದ್ದ ಸಸ್ಯಾಹಾರವನ್ನು ಪ್ರಶ್ನಿಸಿಯೇ. ಹಾಲನ್ನು ಪವಿತ್ರವೆಂದು ಬಗೆಯುವ ಸಮಾಜದಿಂದ ಬಂದವರು ಆ ಪ್ರಶ್ನೆಯನ್ನು ತಮ್ಮ ಮನೆಯಲ್ಲೇ ಎತ್ತಿಕೊಳ್ಳುವುದು ಸಣ್ಣ ಮಾತಲ್ಲ.

ಆದರೆ ನಿಲುವು ಎಷ್ಟೇ ಸರಿಯಾಗಿದ್ದರೂ ದೇಹ ಲೆಕ್ಕ ಕೇಳುವುದು ಗ್ರಾಂಗಳಲ್ಲಿ. ಶರ್ಕರಪಿಷ್ಟ, ಕೊಬ್ಬು ಮತ್ತು ಪ್ರೋಟೀನ್ ಎಂಬ ಮೂರರ ಸಮತೋಲನವನ್ನು ಕುರಿತ ಚರ್ಚೆ ವೀಗನ್ ವಲಯಗಳಲ್ಲಿ ಬಹುಪಾಲು ಪುಡಿಗಳ, ಡಬ್ಬಿಗಳ, ಮೊಬೈಲ್ ಆ್ಯಪ್‌ಗಳ ಚರ್ಚೆಯಾಗಿಯೇ ಮುಗಿಯುತ್ತದೆ. ಕನ್ನಡಿಗರ ಮಟ್ಟಿಗೆ ಅದು ಮೊದಲಿಗೆ ತಾವು ತಂದ ಊಟದ ಚರ್ಚೆಯಾಗಬೇಕು. ಆ ಊಟದ ಚರ್ಚೆ ಜಾತಿಯ ಮತ್ತು ವರ್ಗದ ಚರ್ಚೆಯನ್ನು ತಪ್ಪಿಸಿಕೊಂಡು ನಡೆಯಲಾರದು.

ಮೊದಲು ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಧಾನ್ಯವೇ ಪ್ರಧಾನವಾದ ಊಟವಾದರೆ, ಅದರ ಪ್ರೋಟೀನಿನ ಗುಣ ಕಡಿಮೆಯಾದ್ದರಿಂದ, ಸುಮಾರು 1 ಗ್ರಾಂ. 60 ಕಿಲೋ ತೂಕದವರಿಗೆ ಇದು 50ರಿಂದ 60 ಗ್ರಾಂ. ಬೆಳಿಗ್ಗೆ ಉಪ್ಪಿಟ್ಟು ಅಥವಾ ದೋಸೆ, ಮಧ್ಯಾಹ್ನ ಅನ್ನ ಸಾರು ಪಲ್ಯ, ರಾತ್ರಿ ಚಪಾತಿ ಎಂಬ ಪರಿಚಿತ ದಿನಚರಿಯಲ್ಲಿ ಅಕ್ಕಿ ಗೋಧಿಗಳು 300 ಗ್ರಾಂ, ಬೇಳೆ 30 ಗ್ರಾಂ ಆದೀತು. ಅವೆರಡೂ ತರಕಾರಿಯೂ ಸೇರಿ ಕೊಡುವ ಪ್ರೋಟೀನ್ ಹೆಚ್ಚೆಂದರೆ 35 ಗ್ರಾಂ. ಉಳಿದ ಕೊರತೆಯನ್ನು ಇಷ್ಟು ದಿನ ಸದ್ದಿಲ್ಲದೆ ತುಂಬುತ್ತಿದ್ದದ್ದು ಹಾಲು ಮತ್ತು ಮೊಸರು. ಎರಡೂ ಸೇರಿ ಅರ್ಧ ಲೀಟರಾದರೆ ಸುಮಾರು 16 ಗ್ರಾಂ. ಹಾಲನ್ನು ತೆಗೆದು ಬೇರೇನನ್ನೂ ಬದಲಿಸದಿದ್ದರೆ ತಟ್ಟೆಯಲ್ಲಿ ಉಳಿಯುವುದು ಮುಖ್ಯವಾಗಿ ಪಿಷ್ಟ.

ಹಸಿವು ಕೊರತೆಯನ್ನು ತಿಳಿಸುವುದಿಲ್ಲ, ಇನ್ನಷ್ಟು ಅನ್ನವನ್ನು ಕೇಳುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಮಾರ್ಗಸೂಚಿಯಲ್ಲಿ ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇ. 45ನ್ನು ಮೀರಬಾರದೆಂದು ಹೇಳಿದೆ. ಭಾರತದಲ್ಲಿ ಅದು ಶೇ. 50ರಿಂದ 70ರಷ್ಟಿದೆ ಎಂದೂ ಅದೇ ಮಾರ್ಗಸೂಚಿ ಗುರುತಿಸಿದೆ. ದಕ್ಷಿಣ ಏಷ್ಯಾ ಮೂಲದವರಲ್ಲಿ ಮಧುಮೇಹ ಬಿಳಿಯರಿಗಿಂತ ಕಡಿಮೆ ತೂಕದಲ್ಲಿ, ಚಿಕ್ಕ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದಲೇ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಗಳು ಇವರಿಗೆ ದೇಹತೂಕ ಸೂಚ್ಯಂಕದ ಎಚ್ಚರಿಕೆಯ ಗೆರೆಯನ್ನು 25ರ ಬದಲು 23ಕ್ಕೆ ಇಳಿಸಿವೆ. ಲಂಡನ್ನಿನಲ್ಲೋ ಟೊರಾಂಟೊದಲ್ಲೋ ದಿನವಿಡೀ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವವರು ಹಾಲು ಬಿಟ್ಟ ಜಾಗದಲ್ಲಿ ಅನ್ನವನ್ನು ಬಡಿಸಿಕೊಂಡರೆ, ನೈತಿಕವಾಗಿ ಗೆದ್ದು ರಕ್ತಪರೀಕ್ಷೆಯಲ್ಲಿ ಸೋಲಬೇಕಾಗುತ್ತದೆ.

ಮಾರುಕಟ್ಟೆ ಇಲ್ಲಿ ನೆರವಿಗೆ ಬರುವುದು ಅರ್ಧ ಮಾತ್ರ. ಸೋಯಾ ಹಾಲಿನಲ್ಲಿ ಹಸುವಿನ ಹಾಲಿಗೆ ಹತ್ತಿರದಷ್ಟು, ಅಂದರೆ 100 ಮಿಲಿಲೀಟರಿಗೆ 3 ಗ್ರಾಂ ಆಸುಪಾಸಿನ ಪ್ರೋಟೀನ್ ಇದೆ. ಓಟ್ಸ್ ಹಾಲಿನಲ್ಲಿ ಸುಮಾರು 1 ಗ್ರಾಂ. ಬಾದಾಮಿ ಹಾಲಿನಲ್ಲಿ ಸಾಮಾನ್ಯವಾಗಿ ಅದಕ್ಕಿಂತಲೂ ಕಡಿಮೆ. ಹೆಸರು ಮೂರಕ್ಕೂ ಹಾಲೇ. ವೀಗನ್ ಚೀಸ್ ಎಂದು ಮಾರಾಟವಾಗುವ ಬಹುತೇಕ ಸರಕು ತೆಂಗಿನೆಣ್ಣೆ ಮತ್ತು ಪಿಷ್ಟಗಳ ಮಿಶ್ರಣ. ಕೊಬ್ಬಿನ ಲೆಕ್ಕದಲ್ಲೂ ಇಂಥದೇ ಮರೆವಿದೆ. ಒಂದು ಗ್ರಾಂ ಪಿಷ್ಟ ಅಥವಾ ಪ್ರೋಟೀನ್ 4 ಕಿಲೋಕ್ಯಾಲೊರಿ ಕೊಟ್ಟರೆ ಒಂದು ಗ್ರಾಂ ಕೊಬ್ಬು 9 ಕೊಡುತ್ತದೆ. ತುಪ್ಪದ ಜಾಗಕ್ಕೆ ತೆಂಗಿನೆಣ್ಣೆ ಬಂದರೆ ಅಡುಗೆ ವೀಗನ್ ಆಗುತ್ತದೆ, ಆದರೆ ಸ್ಯಾಚುರೇಟೆಡ್ ಕೊಬ್ಬು ಕಡಿಮೆಯಾಗುವುದಿಲ್ಲ. ತೆಂಗಿನೆಣ್ಣೆಯ ಕೊಬ್ಬಿನಲ್ಲಿ ಅದರ ಪಾಲು ಶೇ. 90ರ ಸಮೀಪ, ತುಪ್ಪಕ್ಕಿಂತಲೂ ಹೆಚ್ಚು.

ಧಾನ್ಯ ಮತ್ತು ಕಾಳುಗಳ ಜೋಡಿಯ ಬಗ್ಗೆಯೂ ಒಂದು ಹಳೆಯ ಭಯ ಉಳಿದುಕೊಂಡಿದೆ. ಅಕ್ಕಿ, ರಾಗಿ, ಜೋಳಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಕಾಳುಗಳಲ್ಲಿ ಮೆಥಿಯೋನಿನ್ ಕಡಿಮೆ. ಎರಡನ್ನೂ ಒಂದೇ ಹೊತ್ತಿನ ಊಟದಲ್ಲಿ ಕೂಡಿಸಲೇಬೇಕೆಂಬ ನಂಬಿಕೆ 1971ರಲ್ಲಿ ಬಂದ ಫ್ರಾನ್ಸೆಸ್ ಮೂರ್ ಲಾಪೆಯವರ ‘ಡಯಟ್ ಫಾರ್ ಎ ಸ್ಮಾಲ್ ಪ್ಲಾನೆಟ್’ ಪುಸ್ತಕದಿಂದ ಜನಪ್ರಿಯವಾಯಿತು. ಹತ್ತು ವರ್ಷಗಳ ನಂತರದ ಆವೃತ್ತಿಯಲ್ಲಿ ಲೇಖಕಿಯೇ ಆ ಮಾತನ್ನು ಹಿಂತೆಗೆದುಕೊಂಡರು. ದಿನದ ಊಟದಲ್ಲಿ ಎರಡೂ ಸಾಕಷ್ಟು ಇದ್ದರಾಯಿತು. ಪ್ರಶ್ನೆ ಇರುವುದು ಪ್ರಮಾಣದಲ್ಲಿ. ಒಂದು ಸೌಟು ತಿಳಿಸಾರಿನಲ್ಲಿರುವ ಬೇಳೆ ಬಹಳ ಕಡಿಮೆ. ಧಾನ್ಯ 200 ಗ್ರಾಂಗೆ ಇಳಿದು, ಕಾಳು ಬೇಳೆ 100 ಗ್ರಾಂಗೆ ಏರಿ, ಒಂದು ಹಿಡಿ ಕಡಲೆಕಾಯಿ ಬೀಜ, 100 ಗ್ರಾಂ ತೋಫು, ಸಾಕಷ್ಟು ಸೊಪ್ಪು ತರಕಾರಿ ಸೇರಿದರೆ ಯಾವ ಪುಡಿಯ ಹಂಗೂ ಇಲ್ಲದೆ 55 ಗ್ರಾಂ ಪ್ರೋಟೀನ್ ದೊರೆಯುತ್ತದೆ.

ಈ ಲೆಕ್ಕವನ್ನು ಯಾವುದೇ ಆ್ಯಪ್ ಹುಟ್ಟುವ ಮುನ್ನ ಬಲ್ಲವರಿದ್ದರು. ಹಳೆ ಮೈಸೂರಿನ ಬಯಲಿನಲ್ಲಿ ರಾಗಿಮುದ್ದೆಯ ಜೊತೆಗೆ ಹುರಳಿಸಾರು, ಅವರೆಕಾಳು, ಸೊಪ್ಪಿನ ಬಸ್ಸಾರು, ಹುಚ್ಚೆಳ್ಳಿನ ಚಟ್ನಿ; ಉತ್ತರದ ಕಪ್ಪುನೆಲದಲ್ಲಿ ಜೋಳದ ರೊಟ್ಟಿಯ ಜೊತೆಗೆ ಮಡಕಿಕಾಳು, ಹೆಸರುಕಾಳು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. ಹುರಳಿಯ 100 ಗ್ರಾಂನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಕೊಬ್ಬು ತೀರಾ ಅಲ್ಪ. ಆ ಕೊಬ್ಬನ್ನು ಎಣ್ಣೆಬೀಜಗಳ ಪುಡಿ ತುಂಬುತ್ತದೆ. ಅಗಸೆಯ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಒಮೆಗಾ-3 ಕೊಬ್ಬಿನಾಮ್ಲ. ರಾಗಿಯ 100 ಗ್ರಾಂನಲ್ಲಿ 300 ಮಿಲಿಗ್ರಾಂ ಮೀರಿದ ಕ್ಯಾಲ್ಸಿಯಂ ಇದೆ. ಮೂರು ಪೋಷಕಾಂಶಗಳೂ ತಮ್ಮ ತಮ್ಮ ಸ್ಥಾನದಲ್ಲಿರುವ ಊಟವಿದು. ವಿದೇಶದ ಭಾರತೀಯ ಅಂಗಡಿಗಳಲ್ಲಿ ಇವುಗಳ ಬಹುಪಾಲು ಸಾಮಗ್ರಿ ಸಿಗುತ್ತದೆ, ಪ್ರೋಟೀನ್ ಪುಡಿಗಿಂತ ಅಗ್ಗವಾಗಿ.

ಹಾಗಿದ್ದರೂ ಇದು ಎಷ್ಟೋ ಮನೆಗಳ ನೆನಪಿನಲ್ಲಿ ಇಲ್ಲ. ಏಕೆಂದರೆ ಇದು ದುಡಿಯುವ ಜಾತಿಗಳ ಊಟವಾಗಿತ್ತು. ಹುರಳಿಗೆ ಇಂಗ್ಲಿಷರು ಕುದುರೆಯ ಹೆಸರನ್ನೇ ಇಟ್ಟರು. ಅಕ್ಕಿ ಉಣ್ಣುವ ಮನೆಗಳು ಮುದ್ದೆಯನ್ನು ಆಳುಕಾಳುಗಳ ಆಹಾರವೆಂದು ಬಗೆದವು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಘೋಷಿಸುವ ಹೊತ್ತಿಗೆ ಅದೇ ಊಟ ದುಬಾರಿ ಪೊಟ್ಟಣವೇರಿತ್ತು. ಅದನ್ನು ಈಗ ‘ನಮ್ಮ ಪ್ರಾಚೀನ ಶುದ್ಧ ಸಸ್ಯಾಹಾರ’ ಎಂದು ಕರೆಯುವುದು ಎರಡನೆಯ ಅನ್ಯಾಯ. ಆ ಅಡುಗೆಮನೆಗಳಲ್ಲಿ ಹುರಳಿಯ ಪಕ್ಕದಲ್ಲೇ ಒಣಮೀನು, ಮೊಟ್ಟೆ, ಬಾಡು ಇದ್ದವು. ಸಿಕ್ಕಾಗ ಉಂಡರು, ಸಿಗದ ದಿನ ಕಾಳು ಬೇಯಿಸಿದರು. ಬಯಲುಸೀಮೆಯ ಈ ಜ್ಞಾನವನ್ನು ಸಾಲವೆಂದು ಒಪ್ಪಿ ಪಡೆಯಬಹುದು. ಪಡೆದು ಅದರ ಮೂಲವನ್ನು ಅಳಿಸಬಾರದು.

ಸಸ್ಯಮೂಲ ಆಹಾರವನ್ನು ಸಮರ್ಥಿಸುವ ಪೋಷಣಾ ತಜ್ಞರು ಸದಾ ಒಂದು ಷರತ್ತನ್ನು ಸೇರಿಸುತ್ತಾರೆ: ಅದು ಸರಿಯಾಗಿ ಯೋಜಿತವಾಗಿರಬೇಕು. ಆ ಷರತ್ತಿನೊಳಗೆ ಬಹಳಷ್ಟು ಅಡಗಿದೆ. ಬಗೆಬಗೆಯ ಕಾಳು ಬೀಜಗಳನ್ನು ಕೊಳ್ಳುವ ಹಣ, ನೆನೆಸಿ ಬೇಯಿಸುವ ಸಮಯ, ವರ್ಷಕ್ಕೊಮ್ಮೆ ರಕ್ತಪರೀಕ್ಷೆ, ಮಕ್ಕಳಿದ್ದರೆ ತಜ್ಞರ ಸಲಹೆ. ಬಿ12 ಜೀವಸತ್ವಕ್ಕೆ ಸಸ್ಯಗಳಲ್ಲಿ ನಂಬಲರ್ಹ ಮೂಲವೇ ಇಲ್ಲ. ಮಾತ್ರೆ ಅಥವಾ ಅದನ್ನು ಬೆರೆಸಿದ ಆಹಾರ ಕಡ್ಡಾಯ. ಇವೆಲ್ಲ ಇರುವವರಿಗೆ ವೀಗನ್ ಬದುಕು ಗೌರವಾರ್ಹ ಆಯ್ಕೆ. ಇಲ್ಲದವರ ಮೇಲೆ ಹೇರಿದರೆ ಅದೇ ಬದುಕು ಅಪೌಷ್ಟಿಕತೆ.

ಹೊರನಾಡಿನ ಆಯ್ಕೆ ಕರ್ನಾಟಕದ ರಾಜಕಾರಣವನ್ನು ಮುಟ್ಟುವುದು ಇಲ್ಲಿಯೇ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 2021ರ ಡಿಸೆಂಬರ್‌ನಲ್ಲಿ ಕಲಬುರಗಿ, ಬೀದರ್, ರಾಯಚೂರು ಮೊದಲಾದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ಕೆಲವು ಮಠಾಧೀಶರು ಬಲವಾಗಿ ವಿರೋಧಿಸಿದರು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇತ್ತು. ಯಾರ ಬಾಯಿಗೂ ಮೊಟ್ಟೆಯನ್ನು ತುರುಕುತ್ತಿರಲಿಲ್ಲ. ಗಮನಿಸಬೇಕಾದದ್ದು, 2013ರಿಂದ ಕ್ಷೀರಭಾಗ್ಯದ ಹೆಸರಿನಲ್ಲಿ ಶಾಲೆಗಳಿಗೆ ಬರುತ್ತಿದ್ದ ಹಾಲಿನ ಬಗ್ಗೆ ಅವರ ತಕರಾರು ಇರಲಿಲ್ಲ. ಅಲ್ಲಿನ ವಾದ ಪ್ರಾಣಿಯ ಯಾತನೆಯದ್ದಲ್ಲ, ಮಡಿಯದ್ದು. ಆದರೆ ಇಂಥ ವಿರೋಧ ಎದ್ದಾಗಲೆಲ್ಲ ‘ಜಗತ್ತೇ ಸಸ್ಯಾಹಾರದತ್ತ ಹೊರಳುತ್ತಿದೆ’ ಎಂಬ ಮಾತು ಅದರ ಬೆಂಬಲಕ್ಕೆ ನಿಲ್ಲುತ್ತದೆ. ವೀಗನ್ ಕನ್ನಡಿಗರು ಸುಮ್ಮನಿದ್ದರೆ ಅವರ ನೈತಿಕತೆ ಮತ್ತೊಬ್ಬರ ಶ್ರೇಷ್ಠತೆಯ ವ್ಯಸನಕ್ಕೆ ಊರುಗೋಲಾಗುತ್ತದೆ. ಒಂದು ಮೊಟ್ಟೆಯಲ್ಲಿರುವ 6 ಗ್ರಾಂ ಉತ್ತಮ ಪ್ರೋಟೀನನ್ನೂ ಬಿ12ಅನ್ನೂ ಬಡ ಮಗುವಿನ ತಟ್ಟೆಯಿಂದ ತೆಗೆಯಲು ತಮ್ಮ ಹೆಸರು ಬಳಕೆಯಾಗಕೂಡದೆಂದು ಮೊದಲು ಹೇಳಬೇಕಾದವರು ಅವರೇ.

ಅವರು ಬೆಂಬಲಿಸಬಹುದಾದ ಇನ್ನೊಂದು ಬೇಡಿಕೆಯೂ ಇದೆ. ತೊಗರಿಯ ಕಣಜವೆನಿಸಿದ ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಅದೇ ಜಿಲ್ಲೆಯ ಮಕ್ಕಳ ಅಪೌಷ್ಟಿಕತೆಗಾಗಿ ಎರಡು ವರ್ಷಗಳ ನಂತರ ವಿಶೇಷ ಯೋಜನೆ ಬೇಕಾಯಿತು. ಬೆಳೆ ಅಲ್ಲಿದೆ, ತಟ್ಟೆಯಲ್ಲಿ ಇಲ್ಲ. ಅನ್ನಭಾಗ್ಯ ಹಸಿವನ್ನು ನೀಗಿಸಿದ ದೊಡ್ಡ ಯೋಜನೆ, ಆದರೆ ಅದರ ಚೀಲದಲ್ಲಿ ಇದ್ದದ್ದು ಮುಖ್ಯವಾಗಿ ಅಕ್ಕಿ. ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಅಡುಗೆ ಎಣ್ಣೆಗಳಿರುವ ಕಿಟ್ ಕೊಡಲು 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ್ದು ಆ ದೃಷ್ಟಿಯಿಂದ ಮಹತ್ವದ ಹೆಜ್ಜೆ. ಪಿಷ್ಟದ ಜೊತೆಗೆ ಪ್ರೋಟೀನ್ ಮತ್ತು ಕೊಬ್ಬು ಇರಬೇಕೆಂಬ ಸರಳ ತತ್ವ ಪಡಿತರದ ಅಂಗಡಿಗೂ ಅನ್ವಯಿಸುತ್ತದೆ.

ಹಾಲು ಬಿಟ್ಟವರು ತಮ್ಮ ತಟ್ಟೆಯಲ್ಲಿ ಅನ್ನವನ್ನು ಇಳಿಸಿ ಕಾಳನ್ನು ಏರಿಸಲಿ, ಬಿ12 ಮಾತ್ರೆಯನ್ನು ಮರೆಯದಿರಲಿ. ಜೊತೆಗೆ ಊರಿನ ಮಗುವಿನ ತಟ್ಟೆಗೆ ಬೇಳೆಯೂ ಬರಲಿ, ಬಯಸಿದರೆ ಮೊಟ್ಟೆಯೂ ಬರಲಿ ಎಂದು ದನಿಯೆತ್ತಲಿ. ಈ ಎರಡು ಕೆಲಸಗಳ ನಡುವೆ ವಿರೋಧವಿಲ್ಲ. ಪ್ರಾಣಿಯ ನೋವನ್ನು ಕಾಣಬಲ್ಲ ಕಣ್ಣಿಗೆ ಹಸಿದ ಮಗು ಕಾಣಲೇಬೇಕು.