ನಾಲ್ಕು ನಿಮಿಷಗಳ ಲಾಭ

ಬೇಲೂರಿನಿಂದ ಹಳೇಬೀಡಿಗೆ ಸುಮಾರು 16 ಕಿಲೋಮೀಟರು ದೂರ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಮೋಟಾರು ಸೈಕಲಿನಲ್ಲಿ ಹೊರಟವನು ಹದಿನಾರು ನಿಮಿಷಗಳಲ್ಲಿ ಅಲ್ಲಿಗೆ ತಲಪುತ್ತಾನೆ; 80 ಕಿಲೋಮೀಟರು ವೇಗದಲ್ಲಿ ಧಾವಿಸಿದವನು ಹನ್ನೆರಡು ನಿಮಿಷಗಳಲ್ಲಿ. ಲಾಭ ನಾಲ್ಕು ನಿಮಿಷ. ಆ ನಾಲ್ಕು ನಿಮಿಷಗಳನ್ನು ಗಳಿಸಿದ ತರುಣನು ಮಾಡುವುದಾದರೂ ಏನು? ಚಹದ ಅಂಗಡಿಯ ಮುಂದೆ ನಿಂತು, ಹಿಂದುಳಿದ ಗೆಳೆಯನಿಗಾಗಿ ಕಾಯುತ್ತಾನೆ!

ವೇಗವು ಇಮ್ಮಡಿಯಾದರೆ ಚಲನಶಕ್ತಿಯು ನಾಲ್ಮಡಿಯಾಗುತ್ತದೆಂಬುದನ್ನು ಅವನು ತರಗತಿಯಲ್ಲಿ ಕಲಿತಿದ್ದಾನೆ. ಗಂಟೆಗೆ 60 ಕಿಲೋಮೀಟರೆಂದರೆ ಸೆಕೆಂಡಿಗೆ ಸುಮಾರು 17 ಮೀಟರು. ಮುಸ್ಸಂಜೆಯಲ್ಲಿ, ಹಿಂದೀಪವಿಲ್ಲದ ಟ್ರಾಕ್ಟರು ಕಣ್ಣಿಗೆ ಬಿದ್ದು ಕೈ ಬ್ರೇಕನ್ನು ಹಿಡಿಯುವಷ್ಟರಲ್ಲಿಯೇ ಆ ದೂರ ಕಳೆದುಹೋಗಿರುತ್ತದೆ. ಇನ್ನು ಮುಂಗಾಲಿಯನ್ನು ಮೇಲೆತ್ತಿ ಓಡಿಸುವ ಆಟವಂತೂ ಸಾಹಸವೇ ಅಲ್ಲ. ವಾಹನವನ್ನು ತಿರುಗಿಸುವುದು ಮುಂಗಾಲಿ. ಅದನ್ನು ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲೂ ಮುಂಗಾಲಿಯ ಬ್ರೇಕಿನದೇ. ಎರಡನ್ನೂ ಗಾಳಿಗೆ ಬಿಟ್ಟವನ ಕೈಯಲ್ಲಿ ಉಳಿಯುವುದೇನು?

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನರು ಮಡಿದರು. ಅವರಲ್ಲಿ ದ್ವಿಚಕ್ರ ವಾಹನಗಳ ಮೇಲಿದ್ದವರು 74,897. ಹೆಲ್ಮೆಟ್ಟು ಧರಿಸದೆ ಸತ್ತವರೇ 50,029 ಮಂದಿ. ಅದನ್ನು ಮೊಳಕೈಗೆ ತೂಗುಹಾಕಿಕೊಂಡು, ಪೊಲೀಸರನ್ನು ಕಂಡಾಗ ಮಾತ್ರ ತಲೆಗೇರಿಸುವವರೂ ಉಂಟು.

ದೋಷವೆಲ್ಲ ಹುಡುಗನದೇ ಎಂದರೆ ನ್ಯಾಯವಾಗದು. ಹಳ್ಳಿಗಳಲ್ಲಿ ಸಂಜೆಯ ಬಸ್ಸು ತಪ್ಪಿದರೆ ಮನೆ ಸೇರುವ ಬಗೆಯಿಲ್ಲ. ಬೆಳಗಾಗುತ್ತಲೇ ಡೈರಿಗೆ ಹಾಲು ಮುಟ್ಟಬೇಕು. ಹೀಗೆ ಅಗತ್ಯಕ್ಕೆಂದು ಹಿರಿಯರೇ ಕೊಟ್ಟ ಬೀಗದ ಕೈ, ಹಬ್ಬದ ದಿನ ಮೂವರು ಗೆಳೆಯರ ಮೋಜಿಗೂ ಒದಗುತ್ತದೆ. ‘ನಮ್ಮ ಹುಡುಗ ಹದಿನಾಲ್ಕಕ್ಕೇ ಗಾಡಿ ಕಲಿತ’ ಎಂದು ನೆಂಟರೆದುರು ಹೆಮ್ಮೆಪಡುವ ತಂದೆಗೆ, ಗಾಡಿಯನ್ನು ಹೊರಡಿಸುವುದೇ ಕಲಿಕೆಯೆಂಬ ಭ್ರಮೆ. ತಲೆಗೆ ತೀವ್ರವಾದ ಪೆಟ್ಟಾದ ಮಗನನ್ನು ಸುಮಾರು 40 ಕಿಲೋಮೀಟರು ದೂರದ ಹಾಸನಕ್ಕೆ ಒಯ್ಯುವಾಗ, ಒಂದೊಂದು ನಿಮಿಷದ ಬೆಲೆಯೂ ಅದೇ ತಂದೆಗೆ ತಿಳಿಯುತ್ತದೆ.

1117ರಲ್ಲಿ ಪ್ರತಿಷ್ಠಾಪನೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಶಿಲ್ಪಗಳಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರೂ ಇದೆ. ತಂದೆಯ ಪಕ್ಕದಲ್ಲಿ ಎಷ್ಟು ಕಲ್ಲುಗಳನ್ನು ಕಡೆದ ಮೇಲೆ ಆ ಮಗನಿಗೆ ಮದನಿಕೆಯ ಮುಖವನ್ನು ಮುಟ್ಟುವ ಅಧಿಕಾರ ದೊರೆತಿರಬೇಕು! ಉಳಿ ಜಾರಿದರೆ ಅಲ್ಲಿ ಕೆಡುತ್ತಿದ್ದುದು ಕಲ್ಲು ಮಾತ್ರ.

ಗೇರುಳ್ಳ ಮೋಟಾರು ಸೈಕಲನ್ನು ನಡೆಸಲು ಕಾನೂನು 18 ವರ್ಷ ತುಂಬಲೆಂದು ವಿಧಿಸಿರುವುದು ತರುಣರಿಗೆ ಮಾಡಿದ ಅವಮಾನವಲ್ಲ. 2019ರ ತಿದ್ದುಪಡಿಯು ಹೊಣೆಯನ್ನು ಹಿರಿಯರ ಮೇಲೂ ಹೊರಿಸಿತು. ಅಪ್ರಾಪ್ತವಯಸ್ಕನು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕನಿಗೆ ಅಥವಾ ಒಡೆಯನಿಗೆ ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿಯು ಹನ್ನೆರಡು ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ದೊರೆಯದು.